ಹಿಡಿದ ಕೈಯ ಬಲ

ಒಂಬತ್ತನೇ ತರಗತಿಗೆ ಪ್ರತಿವರ್ಷ ಈ ಪಾಠ ಮಾಡುತ್ತೇನೆ. ಬಲ ಎಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ, ನಾನೂ ಧಾರಾಳವಾಗಿ ಅಂಕ ಕೊಡುತ್ತೇನೆ. ಈ ವರ್ಷ ಮಾತ್ರ ಅದನ್ನು ಬೋರ್ಡಿನ ಮೇಲೆ ಬರೆದವಳಿಗೆ ಮಕ್ಕಳ ಕಡೆ ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು.

ನಮ್ಮದು ಜಂಗಮಕೋಟೆ ಕಡೆಯ ರೇಷ್ಮೆ ಬೆಳೆಯುವ ಮನೆ. ಯಜಮಾನರ ಹತ್ತಿರ ಒಂದು ಸಣ್ಣ ಗೂಡ್ಸ್ ಗಾಡಿಯಿದೆ. ಸುತ್ತಲಿನವರ ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುತ್ತಾರೆ. ಗೂಡು ನೋಡಲು ರಾಶಿ, ಎತ್ತಿದರೆ ಹಗುರ. ಚೀಲಗಳನ್ನು ಗಾಡಿಯ ತಲೆ ಮೀರಿ ಪೇರಿಸಿದರೂ ಬ್ರೇಕಿಗೆ ಅದು ಲೆಕ್ಕಕ್ಕಿಲ್ಲ. ಹೀಗಾಗಿ ನಮ್ಮವರು ಭಾರವನ್ನು ಕಣ್ಣಲ್ಲೇ ತೂಗುತ್ತಾರೆ. ಲೋಡು ಎತ್ತರ ಕಾಣದಿದ್ದರೆ ಖಾಲಿ ಗಾಡಿಯೆಂದೇ ಲೆಕ್ಕ.

ಆ ದಿನ ಹಾಕಿದ್ದು ಟೊಮೆಟೊ. ಪಕ್ಕದ ತೋಟದವರಿಗೆ ಚಿಂತಾಮಣಿಗೆ ಬೇರೆ ಗಾಡಿ ಸಿಕ್ಕಿರಲಿಲ್ಲ. ನಾದಿನಿಯ ಮನೆ ಅಲ್ಲೇ ಇದ್ದುದರಿಂದ ನಾವೂ ಹತ್ತಿದೆವು. ಕಿಟಕಿಯ ಪಕ್ಕ ನಾನು, ನಡುವೆ ಅತ್ತೆ, ಅವರ ಮಡಿಲಲ್ಲಿ ನನ್ನ ಎರಡು ವರ್ಷದ ಮಗಳು. ಟೊಮೆಟೊ ಬಾಕ್ಸುಗಳು ಗೂಡಿನ ಚೀಲಗಳ ಎತ್ತರದ ಅರ್ಧಕ್ಕೂ ಬಂದಿರಲಿಲ್ಲ.

"ಇದೊಂದು ಲೋಡಾ?" ಎಂದು ಯಜಮಾನರು ನಕ್ಕರು.

"ನೀನು ನಿಧಾನಕ್ಕೆ ಹೋಗಪ್ಪ. ಮಗೂನ ನಾನು ಹಿಡ್ಕೊಂಡಿದೀನಿ" ಎಂದು ಅತ್ತೆ ಮೊಮ್ಮಗಳನ್ನು ಎದೆಗೊತ್ತಿಕೊಂಡರು. ಅಜ್ಜಿಯ ಮಡಿಲಿಗಿಂತ ಭದ್ರವಾದ ಜಾಗವಿಲ್ಲವೆಂದು ನಮ್ಮಲ್ಲಿ ಎಲ್ಲರೂ ನಂಬಿದ್ದಾರೆ.

ಒಂದು ಇಳಿಜಾರಿನ ಕೆಳಗೆ ಹುಲ್ಲು ತುಂಬಿದ ಟ್ರಾಕ್ಟರ್ ನಿಂತಿತ್ತು. ಗೂಡು ತುಂಬಿದ್ದಾಗ ಎಷ್ಟು ದೂರದಲ್ಲಿ ಬ್ರೇಕ್ ಒತ್ತುತ್ತಿದ್ದರೋ ಯಜಮಾನರು ಅಷ್ಟೇ ದೂರದಲ್ಲಿ ಒತ್ತಿದರು. ಕಾಲು ಅದೇ, ಬ್ರೇಕೂ ಅದೇ, ಹಿಂದಿದ್ದ ಭಾರ ಮಾತ್ರ ಬೇರೆ. ವೇಗ ಇಳಿಯಿತು, ಆದರೆ ಸಾಲುವಷ್ಟು ಇಳಿಯಲಿಲ್ಲ. ಟ್ರಾಕ್ಟರಿನ ಹಿಂಭಾಗಕ್ಕೆ ಗುದ್ದಿ ಗಾಡಿ ನಿಂತಿತು. ಮಗು ಅತ್ತೆಯ ಕೈಯಿಂದ ಚಿಮ್ಮಿ, ಹಣೆ ಮುಂದಿನ ಡ್ಯಾಶ್‌ಬೋರ್ಡಿಗೆ ಬಡಿದು, ನಮ್ಮ ಕಾಲ ಬಳಿ ಬಿತ್ತು.

ಹಣೆಗೆ ಹೊಲಿಗೆ ಹಾಕಿದರು. ಗಾಯ ಮಾಯ್ದು ಅವಳು ಈಗ ಮನೆ ತುಂಬ ಓಡಾಡುತ್ತಾಳೆ. ಯಜಮಾನರು ಬ್ರೇಕ್ ಕೈಕೊಟ್ಟಿತೆಂದು ಬಂದವರಿಗೆಲ್ಲ ಹೇಳಿಕೊಂಡರು. ಬ್ರೇಕ್ ಸರಿಯಾಗಿಯೇ ಇದೆಯೆಂದು ಮೆಕ್ಯಾನಿಕ್ ಹೇಳಿದ ಮೇಲೆ ಆ ಮಾತು ಬಿಟ್ಟರು. ಅತ್ತೆ ಮಾತ್ರ ಸರಿಹೋಗಲಿಲ್ಲ. ಅಂದಿನಿಂದ ಅವರು ಮೊಮ್ಮಗಳನ್ನು ಎತ್ತಿಕೊಂಡಿಲ್ಲ. ಉಣ್ಣಿಸುವುದು, ತಲೆ ಬಾಚುವುದು ಎಲ್ಲ ನೆಲದ ಮೇಲೆ ಕೂರಿಸಿಯೇ. ಅವಳು ಕೈ ಚಾಚಿ "ಎತ್ಕೋ ಅಜ್ಜಿ" ಎಂದರೆ, ಹುಳಕ್ಕೆ ಸೊಪ್ಪು ಹಾಕಬೇಕೆಂದು ಎದ್ದು ಹೋಗುತ್ತಾರೆ. ಚಾಚಿದ ಕೈ ಹಾಗೇ ಇಳಿಯುತ್ತದೆ.

ಒಂದು ಮಧ್ಯಾಹ್ನ, ಮೇಷ್ಟರ ಚಟ ಎಲ್ಲಿ ಹೋಗುತ್ತದೆ, ಅವರಿಗೂ ಪಾಠ ಶುರು ಮಾಡಿದೆ.

"ಅತ್ತೆ, ನಿಮ್ಮ ತಪ್ಪಿಲ್ಲ. ಮಗು ಹಗುರಾನೇ. ಆದ್ರೆ ಗಾಡಿ ಕಣ್ಣು ಮಿಟುಕ್ಸೋಷ್ಟ್ರಲ್ಲಿ ನಿಂತೋಯ್ತಲ್ಲ, ಅದೇ ಗಳಿಗೇಲಿ ಮಗೂನೂ ತಡೆದು ನಿಲ್ಸಬೇಕು ಅಂದ್ರೆ ಎರಡು ಅಕ್ಕಿಮೂಟೆ ಎತ್ತೋವಷ್ಟು ಬಲ ಬೇಕು. ಪೈಲ್ವಾನ್ ಕೈಲೂ ಆಗಲ್ಲ."

"ನೀನು ಹಿಡ್ಕೊಂಡಿದ್ರೆ?"

"ನನ್ನ ಕೈಲೂ ಆಗ್ತಿರ್ಲಿಲ್ಲ."

ಅವರು ತಲೆಯಾಡಿಸಿದರು. ಒಪ್ಪಿದರೆಂದು ನನಗೆ ನಿಜಕ್ಕೂ ಸಮಾಧಾನವಾಯಿತು. ಆಮೇಲೆ ಅಂಗೈ ನೋಡಿಕೊಳ್ಳುತ್ತಾ ಹೇಳಿದರು:

"ಓದಿರೋಳು, ನೀನು ಹೇಳೋದು ಸರಿಯಾಗೇ ಇರ್ಬೇಕು. ಆದ್ರೆ ಬಿದ್ದ ಮೇಲೆ ಅದು ಪಕ್ಕದಲ್ಲಿದ್ದ ನಿನ್ನ ಕಡೆ ನೋಡ್ಲಿಲ್ಲ ಕಣಮ್ಮ. ನನ್ನನ್ನೇ ನೋಡ್ತು. ಯಾಕಜ್ಜಿ ಬಿಟ್ಟೆ ಅನ್ನೋ ಹಂಗೆ."

ಅಷ್ಟರಲ್ಲಿ ಮಗಳು ನಿದ್ದೆಯಿಂದೆದ್ದು ಅಳುತ್ತಾ ಬಂದು ಅವರ ಎದುರು ಕೈ ಚಾಚಿ ನಿಂತಳು. ಅತ್ತೆ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ನನ್ನ ಮುಖ ನೋಡಿದರು.