ಎರಡು ಸಲ ಒದೆಸಿಕೊಂಡ ಸೇರು

ಆ ದಿನವೂ ಬೀದಿಯಲ್ಲಿ ಮೊದಲು ಎದ್ದದ್ದು ಮಗ್ಗಗಳೇ. ತಮಿಳು ಸೀಮೆಯ ಸೋಮನೂರಿನಲ್ಲಿ ಕನ್ನಡ ಮಾತಾಡುವ ನಮ್ಮ ಬೀದಿಗೆ ಕೋಳಿ ಬೇಕಿಲ್ಲ. ಪಕ್ಕದ ಶೆಡ್ಡಿನ ಪವರ್‌ಲೂಮ್ ಟಕಟಕ ಅಂದರೆ ಬೆಳಗಾಯಿತು. ನಾನು ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಡಿಕಾಕ್ಷನ್ನಿಗೆ ಬಿಸಿನೀರು ಸುರಿದು, ಮಗಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಅತ್ತೆ ಕನ್ನಡಿ ಮುಂದೆ ಕೂತು ಮಲ್ಲಿಗೆ ಮುಡಿಯುತ್ತಿದ್ದರು. ಅದೊಂದು ಮಾತ್ರ ದಿನನಿತ್ಯದ್ದಲ್ಲ.

ಮಲ್ಲಿಗೆಗೆ ಕಾರಣ ಸಿನಿಮಾ. ನಮ್ಮ ಜಗುಲಿ, ದಪ್ಪ ಮರದ ಬಾಗಿಲು ಹಿಡಿಸಿತು ಅಂತ ಚೆನ್ನೈಯಿಂದ ಬಂದವರು ಹೋದ ತಿಂಗಳು ಇಲ್ಲಿ ಶೂಟಿಂಗ್ ಮಾಡಿದ್ದರು. ಹೀರೋ ಮದುವೆಯಾಗಿ ಹೀರೋಯಿನ್‌ನನ್ನು ಮನೆಗೆ ಕರೆತರುವ ಸೀನು. ಆರತಿ ಎತ್ತಲು ಒಬ್ಬ ಹಿರಿಯ ಹೆಂಗಸು ಬೇಕು ಅಂದಾಗ ಡೈರೆಕ್ಟರ ಕಣ್ಣು ನಮ್ಮತ್ತೆಯ ಮೂಗುಬೊಟ್ಟಿನ ಮೇಲೆ ಬಿತ್ತು. ಅತ್ತೆ ಆರತಿಗಷ್ಟೇ ನಿಲ್ಲುತ್ತಾರೆಯೇ? "ನಮ್ಮಲ್ಲಿ ಸೊಸೆ ಸುಮ್ಮನೆ ಒಳಗೆ ಬರೋದಿಲ್ಲೆ" ಅಂದು ದೇವರ ಮನೆಯಿಂದ ಹಿತ್ತಾಳೆ ಸೇರು ತಂದು, ಅಕ್ಕಿ ತುಂಬಿ, ಮೇಲೊಂದು ಅಚ್ಚುಬೆಲ್ಲ ಇಟ್ಟು ಹೊಸ್ತಿಲ ಮೇಲೆ ನಿಲ್ಲಿಸಿದರು. ಅತ್ತೆ ಒದ್ದು ಬಂದ ಸೇರು, ನಾನು ಒದ್ದು ಬಂದ ಸೇರು, ಅದೇ. ತಮಿಳು ಡೈರೆಕ್ಟರಿಗೆ ಇದು ಹೊಸದು. ಕ್ಯಾಮೆರಾವನ್ನು ನೆಲಕ್ಕೇ ಒರಗಿಸಿ, ಆ ಹುಡುಗಿಯ ಪಾದ ಸೇರಿಗೆ ತಾಗುವುದನ್ನು ಬೇರೆಯಾಗಿ ತೆಗೆದ.

ಆ ಸಂಜೆಯೇ, ಚೆಲ್ಲಿದ ಅಕ್ಕಿಯನ್ನು ಬಳಿದು ಅತ್ತೆ ಪಾಯಸ ಮಾಡಿ ಬೀದಿಗೆಲ್ಲ ಹಂಚಿದರು. ಸೂಲೂರಿನಲ್ಲಿರುವ ತಮ್ಮ ನಾದಿನಿಗೆ, ತುಡಿಯಲೂರಿನ ತಮ್ಮನಿಗೆ, ಮಲ್ಲಿಗೆ ಪೂ ಮಾರುವವಳಿಗೆ, ಎಲ್ಲರಿಗೂ ಹೇಳಿದ್ದಾಯಿತು: ಥಿಯೇಟರಿನಲ್ಲಿ ನನ್ನ ಮುಖ ಬರುತ್ತೆ, ನೋಡ್ಕೊಳ್ಳಿ. ಎದುರು ಮನೆಯ ಅಕ್ಕನಿಗೆ ಮಾತ್ರ ಎರಡು ಸಲ ಹೇಳಿದರು. ಆಕೆ ಪಾಯಸ ಕುಡಿದು, "ಬೆಲ್ಲ ಸ್ವಲ್ಪ ಕಮ್ಮೀಂಗ" ಅಂದಿದ್ದಳು.

ಈಗ ಅದೇ ಸೀನನ್ನು ಮತ್ತೆ ತೆಗೆಯಬೇಕಂತೆ. ಅತ್ತೆಗೆ ಖುಷಿ, ಚೆನ್ನಾಗಿ ಬಂದಿದೆ, ಅದಕ್ಕೇ ಇನ್ನೊಂದು ಸಲ ಅಂತ ಅವರ ಎಣಿಕೆ.

ವ್ಯಾನು ಬಂತು, ಲೈಟು ಇಳಿಯಿತು, ಪಕ್ಕದ ಶೆಡ್ಡಿನವರನ್ನು ಬೇಡಿಕೊಂಡು ಮಗ್ಗ ನಿಲ್ಲಿಸಿದರು. ಕಿವಿ ಕಿತ್ತುಕೊಂಡ ಹಾಗೆ ನಿಶ್ಶಬ್ದ. ಆಮೇಲೆ ಕಾರಿನಿಂದ ಇಳಿದ ಮದುಮಗಳು ಬೇರೆ ಯಾರೋ.

"ಆ ಹುಡುಗಿ ಎಲ್ಲಿ?" ಅಂದರು ಅತ್ತೆ.

"ಅವರು ಇಲ್ಲ ಅಮ್ಮಾ, ಡೇಟ್ ಪ್ರಾಬ್ಲಂ. ಇವರೇ ಇನ್ನು ಹೀರೋಯಿನ್" ಅಂದ ಮ್ಯಾನೇಜರು.

ಅತ್ತೆ ಆರತಿ ತಟ್ಟೆಯನ್ನು ಜಗುಲಿ ಮೇಲೆ ಇಟ್ಟುಬಿಟ್ಟರು.

"ಅದೆಲ್ಲ ಆಗೋದಿಲ್ಲೆ. ಸೇರು ಒದ್ದು ಬಂದವಳು ಒಬ್ಬಳಿದ್ದಾಳೆ. ಬದುಕಿದ್ದಾಳೆ, ಚೆನ್ನಾಗಿದ್ದಾಳೆ. ಇನ್ನೊಬ್ಬಳನ್ನ ಹೇಗೆ ಮನೆ ತುಂಬಿಸ್ಕೊಳ್ಳಲಿ?"

"ಅಮ್ಮಾ, ಇದು ಸಿನಿಮಾ ಅಮ್ಮಾ!"

"ಅಕ್ಕಿ ನಿಜ ತಾನೆ? ಪಾಯಸ ಕುಡಿದಿರಲ್ಲ?"

ಜಗುಲಿಯ ಮೂಲೆಯಿಂದ ಮಾವ, "ನನ್ನನ್ನ ಮಾತ್ತಿ ಬೇರೆ ಗಂಡನ್ನ ತರೋದಾಗಿದ್ರೆ ಉಡನೆ, ಒಂದೇ ಮಾತಿಗೆ ಒಪ್ಕೋತಿದ್ಳು" ಅಂದರು. ಲೈಟ್ ಹಿಡಿದವರು ನಕ್ಕರು. ಅತ್ತೆ ನಗಲಿಲ್ಲ.

ಮ್ಯಾನೇಜರು ಬೆವರು ಒರೆಸಿಕೊಂಡು ಡೈರೆಕ್ಟರ ಕಿವಿಯಲ್ಲಿ ಏನೋ ಅಂದು ವಾಪಸು ಬಂದ. "ಸರಿ ಅಮ್ಮಾ, ಬಲವಂತ ಇಲ್ಲ. ಬೇರೆಯವರನ್ನ ನಿಲ್ಲಿಸಿ ಎಲ್ಲಾ ಮೊದಲಿಂದ ತೆಗೀತೀವಿ."

ಆ ಮಾತು ಮುಗಿಯುವ ಮೊದಲೇ ಎದುರು ಮನೆ ಬಾಗಿಲು ತೆರೆಯಿತು. ಅಕ್ಕ ಅರಕ್ಕು ಕೆಂಪು ಬಣ್ಣದ ರೇಷ್ಮೆ ಸೀರೆಯಲ್ಲಿ ನಿಂತಿದ್ದಳು. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. "ಯಾರನ್ನೋ ಕೂಗಿದ ಹಾಗಾಯ್ತುಂಗ" ಅಂದಳು, ಬಹಳ ಅಮಾಯಕಳಂತೆ.

ಅತ್ತೆಯ ಮುಖ ನೋಡಿದೆ. ನಾದಿನಿ, ತಮ್ಮ, ಪೂ ಮಾರುವವಳು, ಎಲ್ಲರೂ ಥಿಯೇಟರಿನಲ್ಲಿ ಕೂತು ಎದುರು ಮನೆಯವಳನ್ನು ನೋಡುವ ದೃಶ್ಯ ಆ ಮುಖದಲ್ಲಿ ಓಡುತ್ತಿತ್ತು. ಆದರೂ ಕೈ ತಟ್ಟೆಯ ಕಡೆ ಹೋಗಲಿಲ್ಲ. ಮಲ್ಲಿಗೆಯನ್ನು ಮಾತ್ರ ಒಂದು ಸಲ ಮುಟ್ಟಿ ನೋಡಿಕೊಂಡರು.

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಅಭ್ಯಾಸ ನನ್ನಿಂದ ಇನ್ನೂ ಹೋಗಿಲ್ಲ. ಏನಾದರೂ ಕೇಳಬೇಕಾದರೆ ಕೈ ತಾನಾಗಿ ಮೇಲೇಳುತ್ತದೆ. ಡೈರೆಕ್ಟರ ಮುಂದೆ ಒಂದು ಬೆರಳೆತ್ತಿ ನಿಂತೆ.

"ಸರ್, ಆವತ್ತು ಕಾಲನ್ನ ಬೇರೆಯಾಗಿ ತೆಗೆದಿರಲ್ಲ? ಅದರಲ್ಲಿ ಮುಖ ಇಲ್ಲ. ಅದನ್ನೇ ಇಟ್ಟುಕೊಳ್ಳೋಕೆ ಆಗಲ್ವಾ?"

ಡೈರೆಕ್ಟರು ನನ್ನ ಬೆರಳನ್ನೂ ಮುಖವನ್ನೂ ನೋಡಿದ. ಆಮೇಲೆ ಕ್ಯಾಮೆರಾಮನ್ ಕಡೆ. ಇಬ್ಬರೂ ತಲೆಯಾಡಿಸಿದರು. ಆವತ್ತು ಬೆನ್ನ ಹಿಂದಿನಿಂದ ತೆಗೆದದ್ದೂ ಇರಲಿ, ಕಾಲೂ ಇರಲಿ. ಇವಳ ಮುಖ ಮಾತ್ರ ಹೊಸದಾಗಿ ತೆಗೆದರೆ ಸಾಕು. ಈ ಹುಡುಗಿ ಸೇರು ಮುಟ್ಟುವುದೇ ಬೇಡ.

"ಅಂದ್ರೆ ಕಾಲು ಅವಳದು, ಮುಖ ಇವಳದು?" ಅತ್ತೆ ಯೋಚಿಸಿದರು. "ಹಾಗಾದ್ರೆ ಸರಿ." ತಟ್ಟೆ ಕೈಗೆ ಬಂತು. ಎದುರು ಮನೆ ಅಕ್ಕ ಬಾಗಿಲಿಗೆ ಒರಗಿ, ಬಂದದ್ದು ನೋಡೋಕೇ ಅನ್ನುವ ಹಾಗೆ ನಿಂತುಕೊಂಡಳು.

ಹುಡುಗಿಯನ್ನು ಅಂಗಳಕ್ಕೆ ಕರೆತಂದರು. ಮೊದಲಿನವಳದೇ ಸೀರೆ, ಮೊದಲಿನವಳದೇ ರವಿಕೆ. ಇವಳು ತೆಳ್ಳಗೆ, ಬೆನ್ನ ಹಿಂದೆ ಸಾಲಾಗಿ ಪಿನ್ನು ಹಾಕಿ ಬಿಗಿದಿದ್ದರು. ಒಂದು ಪಿನ್ನು ಬಾಯಿ ಬಿಟ್ಟು ಚರ್ಮವನ್ನು ಕೆಂಪಗೆ ಗೀರಿತ್ತು. ಯಾರೂ ಅವಳ ಜೊತೆ ಮಾತಾಡುತ್ತಿರಲಿಲ್ಲ, ಅವಳಿಗೆ ತಮಿಳು ಬರುವುದಿಲ್ಲವಂತೆ. ಬರಿಗಾಲು, ಹನ್ನೊಂದರ ಬಿಸಿಲಿಗೆ ಕಾದ ಸಿಮೆಂಟು. ಹೀರೋಗೆ ಕೊಡೆ ಹಿಡಿದಿದ್ದರು.

ಅವಳು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡು, ತನ್ನಷ್ಟಕ್ಕೆ, "ಅಬ್ಬಾ, ಸುಡ್ತಿದೆಯಲ್ಲಪ್ಪಾ" ಅಂದಳು.

ಅತ್ತೆ ತಟ್ಟನೆ ತಲೆಯೆತ್ತಿದರು. "ಏನಮ್ಮಾ ಅಂದೆ? ಕನ್ನಡವಾ?"

"ಹೌದು ಅಜ್ಜಿ. ಮೈಸೂರು ಕಡೆ."

"ಅಯ್ಯೋ ಪಾವ! ಬಾ ನನ್ನ ಕಣ್ಣು, ಈ ನೆರಳಿಗೆ ಬಾ." ಅತ್ತೆ ನನ್ನ ಕಡೆ ತಿರುಗಿದರು. "ಏನ್ ನೋಡ್ತಾ ನಿಂತೆ? ಆ ಪಿನ್ನು ಸರಿಮಾಡು."

ನಾನು ಪಿನ್ನು ಮುಚ್ಚುತ್ತಿದ್ದಾಗ ಹುಡುಗಿ ಹೊಸ್ತಿಲನ್ನು ನೋಡಿ, "ಅಜ್ಜಿ, ಇಲ್ಲಿ ಸೇರು ಇಡಲ್ವಾ? ನಮ್ಮನೇಲಿ ಇಡ್ತಾರೆ" ಅಂದಳು.

ಅತ್ತೆ ಹೊಸ್ತಿಲನ್ನು ನೋಡಿದರು, ಹುಡುಗಿಯ ಕೆಂಪಾದ ಪಾದ ನೋಡಿದರು. ಆಮೇಲೆ ಒಳಗೆ ಹೋಗಿ, ಸೇರಿಗೆ ಅಕ್ಕಿ ತುಂಬಿಕೊಂಡು ಬಂದರು. ಮೇಲೆ ಅಚ್ಚುಬೆಲ್ಲ, ಈ ಸಲ ಸ್ವಲ್ಪ ದೊಡ್ಡದು.

ಮ್ಯಾನೇಜರು ತಲೆ ಮೇಲೆ ಕೈಯಿಟ್ಟ. "ಅಮ್ಮಾ! ಈಗ ತಾನೆ ಬೇಡ ಅಂದಿರಿ!"

"ಒದೀದೆ ಹೇಗಯ್ಯಾ ಒಳಗೆ ಬರ್ತಾಳೆ? ಕಳ್ಳಿ ಥರಾ?"

"ಆ ಮೊದಲಿನವರು?"

"ಅವಳು ದೊಡ್ಡ ಸೊಸೆ. ಇವಳು ಚಿಕ್ಕವಳು. ಇರ್ಲಿ ಬಿಡು, ಮನೆ ದೊಡ್ಡದು."

ಹುಡುಗಿ ಬಲಗಾಲಿನಿಂದ ಮೆಲ್ಲಗೆ ಒದ್ದಳು. ಅಕ್ಕಿ ಒಳಗೆ ಹರಡಿತು, ಬೆಲ್ಲ ಉರುಳಿ ಮಾವನ ಚಪ್ಪಲಿಯ ಹತ್ತಿರ ನಿಂತಿತು. ಅತ್ತೆ ಆರತಿ ಎತ್ತಿದರು, ಕಣ್ಣೂ ಒರೆಸಿಕೊಂಡರು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿರಲಿಲ್ಲ. ಅದು ಕಂಡದ್ದು ನನಗೊಬ್ಬಳಿಗೇ ಅಂತ ಕಾಣುತ್ತೆ, ನಾನು ಬೆರಳೆತ್ತಲಿಲ್ಲ. ಅಕ್ಕಿಯನ್ನೆಲ್ಲ ಗುಡಿಸಿ, ಸೇರು ತೆಗೆದಿಟ್ಟ ಮೇಲೆ ಡೈರೆಕ್ಟರು ತನಗೆ ಬೇಕಾದದ್ದನ್ನು ತೆಗೆದುಕೊಂಡ. ಅತ್ತೆ ಅದಕ್ಕೂ ಚೆನ್ನಾಗಿ ನಿಂತರು, ಎರಡನೇ ಬಾರಿಗೆ ಸ್ವಲ್ಪ ಕಮ್ಮಿ ಅತ್ತರು ಅಷ್ಟೇ.

ಸಂಜೆ ಮಗ್ಗಗಳು ಮತ್ತೆ ಟಕಟಕ ಶುರುಮಾಡಿದ್ದವು. ಅತ್ತೆ ಮೊರದಲ್ಲಿ ಆ ಅಕ್ಕಿಯನ್ನಿಟ್ಟುಕೊಂಡು ಕಸ ಆರಿಸುತ್ತಿದ್ದರು. ನಾನು ಬೆಲ್ಲ ಕುಟ್ಟುತ್ತಿದ್ದೆ, ಬೀದಿಗೆಲ್ಲ ಸಾಲಬೇಕಲ್ಲ. ಎದುರು ಮನೆ ಅಕ್ಕ, ರೇಷ್ಮೆ ಬಿಚ್ಚಿ ನೈಟಿ ಹಾಕಿಕೊಂಡವಳು, ಒಣಗಿದ ಬಟ್ಟೆಗಳನ್ನು ಹಗ್ಗದಿಂದ ಎಳೆದು ಭುಜದ ಮೇಲೆ ಹಾಕಿಕೊಳ್ಳುತ್ತಾ, ನಮ್ಮ ಕಡೆ ನೋಡದೆಯೇ ಅಂದಳು:

"ಆ ಅಕ್ಕೀನ ಈಗಲೇ ಬೇಯಿಸ್ಬೇಡಿಂಗ. ಹೀರೋನನ್ನೂ ಮಾತ್ತಿ ಬೇರೆಯವನನ್ನ ತರ್ತಾರೆ ಅಂತ ಆ ವ್ಯಾನ್ ಡ್ರೈವರ್ ಹೇಳ್ತಿದ್ದ."