ಯಾರ ಸಾಕ್ಷಿಯಾಗಿ?

ಬಾಗಲಕೋಟೆಯ ಕಾಲೇಜಿನಲ್ಲಿ ವರ್ಷಗಟ್ಟಲೆ ಕನ್ನಡ ಕಲಿಸಿದವನಿಗೆ, ಸ್ವಂತ ಮಗಳ ಮದುವೆಗೆ ಬೇಕಾದ ಒಂದೇ ಒಂದು ಶಬ್ದ ಸಿಗಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ. ನನ್ನ ಹೆಂಡತಿ ಶಕುಂತಲಾ ಆಗಲೇ ಶುರು ಮಾಡಿದ್ದಾಳೆ.

ಮಗಳು ಪಲ್ಲವಿ ಬಾದಾಮಿಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ಗುಡಿಗೆ ಹೋಗುವವಳಲ್ಲ. ಆದರೆ ಬೆಳಗಿನ ಬಿಸಿಲು ಕೆಂಪು ಬಂಡೆಯ ಮೇಲೆ ಬಿದ್ದರೆ ನಿಂತು ಕೈಮುಗಿಯುತ್ತಾಳೆ. ಮಣ್ಣು, ನೀರು, ಗಾಳಿ ಬಿಟ್ಟು ಬೇರೆ ದೇವರಿಲ್ಲ ಎಂಬುದು ಅವಳ ಮತ. ಅವಳು ಮೆಚ್ಚಿದ ಹುಡುಗ ಬೀರೇಶ ಬೇವೂರಿನವನು, ಹುನಗುಂದದಲ್ಲಿ ದನದ ಡಾಕ್ಟರು. ಅವನ ಮತವೂ ಅದೇ. ಪ್ರೀತಿಸುವವರ ಮತಗಳು ಮದುವೆಯ ತನಕ ಒಂದೇ ಇರುತ್ತವೆ. ಪಟ್ಟದಕಲ್ಲಿನ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಮದುವೆ, ಪುರೋಹಿತರಿಲ್ಲ, ಪ್ರತಿಜ್ಞೆ ಬರೆಯುವುದು ಅಪ್ಪ ಎಂದು ಇಬ್ಬರೂ ಸೇರಿ ಗೊತ್ತು ಮಾಡಿದರು. ನಾನು ಉಬ್ಬಿಹೋದೆ.

ಬೀರಪ್ಪ ದೇವರ ಭಕ್ತರ ಮನೆತನದ ಹಿರಿಯರು, ಬೀರೇಶನ ಅಜ್ಜಿ ನಿಂಗವ್ವ ಮಾತ್ರ ಒಂದು ಷರತ್ತು ಹಾಕಿದರು.

"ಬೀಗರ, ಮಂತ್ರ ಇಲ್ಲಂದ್ರ ಇರವಲ್ದ್ಯಾಕ. ಆದ್ರ ಯಾರ ಸಾಕ್ಷಿ ಅಂತ ಹೆಸರ ಹೇಳ್ರಿ. ಹೆಸರಿಲ್ಲದ ಮದವಿಗೆ ನಾ ಅಕ್ಕಿಕಾಳ ಹಾಕಾಂಗಿಲ್ಲ."

ಮಗಳಿಗೆ ಹೇಳಿದೆ. "ಅಪ್ಪಾ, ನಾ ನಂಬಲಾರದ ಹೆಸರು ನನ್ನ ಬಾಯಿಂದ ಹೇಳಸಬ್ಯಾಡ. ಹಂಗಾದ್ರ ಸೀದಾ ರಜಿಸ್ಟರ್ ಆಫೀಸಿಗೆ ಹೋಗಿ ಸಹಿ ಮಾಡಿ ಬರ್ತೇವಿ" ಎಂದಳು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಬೀರೇಶನನ್ನು ಸಾಕಿದ್ದು ಈ ಅಜ್ಜಿ. ಆಕೆಯ ಅಕ್ಕಿಕಾಳು ತಲೆಗೆ ಬೀಳದಿದ್ದರೆ ಅವನು ಬಾಯಿಬಿಡದೆ ಜೀವನವಿಡೀ ಕೊರಗುತ್ತಾನೆ.

ಇಬ್ಬರೂ ಒಪ್ಪುವ ಹೆಸರು ಹುಡುಕುತ್ತ ಕೂತೆ. 'ಪ್ರಕೃತಿ' ಎಂದು ಬರೆದೆ. "ದವಾಖಾನ್ಯಾಗ ಕೇಳ್ತಾರಲ್ರಿ, ಪ್ರಕೃತಿ ಹ್ಯಾಂಗದ ಅಂತ" ಎಂದಳು ಶಕುಂತಲಾ; ನಮ್ಮ ಕಡೆ ಪ್ರಕೃತಿ ಎಂದರೆ ಮೈಯ ಆರೋಗ್ಯ. 'ನಿಸರ್ಗ' ಎಂದರೆ ಊರಾಚೆ ಪ್ಲಾಟು ಮಾರುವವರ ಬೋರ್ಡು ಕಣ್ಣೆದುರು ಬಂತು. 'ಚೈತನ್ಯ' ನಮ್ಮ ಕಿಟಕಿ ಗಾಜು ಒಡೆದ ಪಕ್ಕದ ಮನೆಯವನ ಹೆಸರು. 'ಶಕ್ತಿ' ಎಂದರೆ ಬಂದ ಹೆಂಗಸರಿಗೆಲ್ಲ ಸರ್ಕಾರದ ಪುಕ್ಕಟೆ ಬಸ್ಸು ನೆನಪಾಗುತ್ತದೆ. ಕೊನೆಗೆ 'ಪಂಚಭೂತ' ಎಂದು ಫೋನಿನಲ್ಲಿ ನಿಂಗವ್ವನಿಗೆ ಹೇಳಿ ನೋಡಿದೆ. "ಮದವ್ಯಾಗ ಒಂದ ಭೂತ ಬಂದ್ರ ಸಾಕಾಗೈತಿ. ಐದ್ಯಾಕ ಕರೀತೀರಿ?" ಎಂದರು.

ನಮ್ಮ ಸೀಮೆಯ ಹಿಂದಿನವರಿಗೆ ಇದೆಲ್ಲ ಕಷ್ಟವೇ ಆಗಿರಲಿಲ್ಲ. ಎರಡು ಹೊಳೆ ಕೂಡಿದ ಜಾಗವೇ ಅವರಿಗೆ ದೇವರ ಹೆಸರಾಯಿತು. ಬಾದಾಮಿಯ ಬನವೇ ಬನಶಂಕರಿಯಾದಳು. ಅವರು ನಿಘಂಟು ತೆರೆಯಲಿಲ್ಲ. ನಾನು ಮೂರು ತೆರೆದಿದ್ದೆ.

ಮದುವೆಯ ಬೆಳಿಗ್ಗೆಯೂ ನನ್ನ ಹಾಳೆಯಲ್ಲಿ 'ಸಾಕ್ಷಿಯಾಗಿ' ಎಂಬುದರ ಹಿಂದೆ ಖಾಲಿ ಜಾಗವಿತ್ತು. ಎಷ್ಟೋ ಮಕ್ಕಳಿಗೆ 'ಬಿಟ್ಟ ಸ್ಥಳ ತುಂಬಿರಿ' ಎಂದು ಕೊಟ್ಟ ಪಾಪ. ಬೇವಿನ ನೆರಳಲ್ಲಿ ಹುಡುಗ ಹುಡುಗಿ ನಿಂತರು. ನಿಂಗವ್ವ ಅಕ್ಕಿಕಾಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಕಳೆಯಲೆಂದು ಗಂಭೀರವಾಗಿ ಚಪ್ಪಲಿ ಬಿಟ್ಟು, ಬೊಗಸೆ ನೀರು ತರುವವನಂತೆ ಹೊಳೆಯ ಕಡೆ ಹೆಜ್ಜೆಯಿಟ್ಟೆ. ಮರಳಲ್ಲಿ ಹುದುಗಿದ್ದ ಕಲ್ಲಿಗೆ ಹೆಬ್ಬೆರಳು ಬಡಿಯಿತು.

"ಯವ್ವಾ!"

ಜೀವ ಹೋದಂತೆ ಕೂಗಿದೆ. ದಂಡೆಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಿಂಗವ್ವ ಹೊಳೆಗೆ ಮುಖಮಾಡಿ ಕಣ್ಣು ಮುಚ್ಚಿ, ಮುಷ್ಟಿ ಸಮೇತ ಕೈ ಜೋಡಿಸಿದರು. "ಯವ್ವಾ, ನನ್ನವ್ವಾ, ಕೂಸುಗಳ್ನ ಕಾಯವ್ವಾ."

ಪಲ್ಲವಿ ನನ್ನ ಕಾಲು ನೋಡಿದಳು, ಅಜ್ಜಿಯನ್ನು ನೋಡಿದಳು. ನಗು ತಡೆಯುತ್ತಿದ್ದಳೋ ಅಳುವೋ ತಿಳಿಯಲಿಲ್ಲ. ಹೊಳೆಯ ಕಡೆ ತಿರುಗಿ ಸ್ಪಷ್ಟವಾಗಿ ಹೇಳಿದಳು: "ಯವ್ವಾ, ನಿನ್ನ ಸಾಕ್ಷಿಯಾಗಿ..." ಬೀರೇಶನ ಸರದಿ ಬಂದಾಗ ಅವನು ಮೊದಲ ಶಬ್ದಕ್ಕೇ ನಿಂತು ಹೊಳೆಯನ್ನು ನೋಡಿದ. ಆ ಶಬ್ದದಿಂದ ಯಾರನ್ನಾದರೂ ಕರೆದು ಅವನಿಗೆ ಬಹಳ ಕಾಲವಾಗಿತ್ತು. ಕೊನೆಗೆ "ಯವ್ವಾ" ಅಂದ. ನಿಂಗವ್ವನ ಮುಷ್ಟಿ ಬಿಚ್ಚಿತು.

"ರಕ್ತ ಬರ್ಲಿಕ್ಕತ್ತದ ನೋಡ್ರಿ" ಎಂದು ಶಕುಂತಲಾ ಪಿಸುಗುಟ್ಟಿದಳು.

ಊಟದ ಹೊತ್ತಿಗೆ ನಿಂಗವ್ವ ಬಂದು, "ಭಾಳ ಚಲೋ ಹೆಸರ ಹುಡುಕಿದ್ರಿ ಬೀಗರ. ಕಲ್ತದ್ದು ಸಾರ್ಥಕ ಆತು" ಎಂದರು. ಬಟ್ಟೆ ಸುತ್ತಿದ ಕಾಲನ್ನು ಪಂಚೆಯೊಳಗೆ ಎಳೆದುಕೊಂಡು, ವಿನಯದಿಂದ ತಲೆಯಾಡಿಸಿದೆ. ಹೆಸರಿಡುವುದೇ ಬೇರೆ, ಕರೆಯುವುದೇ ಬೇರೆ. ಇಷ್ಟು ಸಣ್ಣ ವ್ಯಾಕರಣ ತಲೆಗೆ ಹೊಳೆಯಲೇ ಇಲ್ಲ, ಹೆಬ್ಬೆರಳಿಗೆ ಹೊಳೆಯಿತು.