ಗಿರಣಿಯವರ ಒರಳು

ಮೊನ್ನೆ ಬನ್ನೇರುಘಟ್ಟ ರಸ್ತೆಯ ಕೋಳಿ ಆಹಾರದ ಅಂಗಡಿಯವನು ಹೊಸ ಚೀಲದ ಹೊಲಿಗೆ ಬಿಚ್ಚಿದ. ತೌಡು, ಕಡಲೆಕಾಯಿ ಹಿಂಡಿಯ ಬೆಚ್ಚನೆಯ ವಾಸನೆ. ಆ ವಾಸನೆಗೆ ನನಗೆ ನೆನಪಾಗುವವರು ಒಬ್ಬರೇ, ಜಯನಗರದ ಹಿಟ್ಟಿನ ಗಿರಣಿಯವರು.

ಅರವತ್ತರ ದಶಕ. ಬಿಳೇಕಹಳ್ಳಿಗೆ ಸೊಸೆಯಾಗಿ ಬಂದ ಎರಡನೇ ವರ್ಷ ನಲವತ್ತು ಬಿಳಿ ಕೋಳಿಮರಿ ತಂದೆ. ಮಾಂಸಕ್ಕೆಂದೇ ಬೆಳೆಸುವ ಜಾತಿ.

"ನಾಟಿ ಕೋಳಿ ತಿಪ್ಪೆ ಕೆದಕ್ಕೊಂಡು ಬದುಕ್ತದೆ. ಇವಕ್ಕೇನೇ ಬಾಣಂತಿ ಆರೈಕೆ?" ಎಂದರು ಅತ್ತೆ. ಮರಿಗಳು ಸತ್ತರೆ ಗೂಡು ಕಿತ್ತು ಒಲೆಗೆ ಹಾಕುವುದಾಗಿಯೂ ಹೇಳಿದರು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಗೂಡೊಂದೇ...

ಗಿರಣಿಯವರು ಲಿಂಗ ಕಟ್ಟಿದವರು, ಮೊಟ್ಟೆಯನ್ನೂ ಮುಟ್ಟದವರು. ಆದರೂ ಎಲ್ಲರ ಗೋಧಿ, ರಾಗಿ ಮುಗಿದ ಮೇಲೆ ಕೊನೆಯಲ್ಲಿ ನನ್ನ ಜೋಳ, ಹಿಂಡಿ ಬೀಸಿ, ತೌಡು ಬೆರೆಸಿ ಕೊಡುತ್ತಿದ್ದರು. ಮರಿಗಳ ಜೊತೆ ಕೊಟ್ಟಿದ್ದ ಮೇವಿನ ಅಳತೆಯ ಚೀಟಿ ಇಂಗ್ಲಿಷಿನಲ್ಲಿತ್ತು. ನನಗೆ ಬರುತ್ತಿದ್ದದ್ದು ಕನ್ನಡವಷ್ಟೇ. ಅದನ್ನು ಓದಿ ಹೇಳಿದವರೂ ಅವರೇ.

ಮೂರನೇ ವಾರ ಮರಿಗಳ ಕಾಲು ಬಾಗಿದವು. ಕೂತವು ಏಳಲಿಲ್ಲ. ಬಸುರಿಯರ ಎಲೆಗೆ ಸುಣ್ಣ ಹಚ್ಚುತ್ತಾರಲ್ಲ, ಮೂಳೆಗೆ ಒಳ್ಳೆಯದೆಂದು... ನಾನೂ ಮೇವಿಗೆ ಹಿಡಿಗಟ್ಟಲೆ ಸುಣ್ಣದ ಪುಡಿ ಬೆರೆಸಿದೆ. ಇನ್ನೂ ಆರು ಬಿದ್ದವು. ಒಂದನ್ನು ಮಡಿಲಲ್ಲಿಟ್ಟುಕೊಂಡು ಗಿರಣಿಗೆ ನಡೆದೆ.

ಅವರು ಅದರ ಕಾಲು ಒತ್ತಿ ನೋಡಿದರು.

"ಸುಣ್ಣ ಒಂದೇ ಸುರಿದ್ರೆ ಇನ್ನೂ ಕೆಡ್ತದೆ ತಾಯಿ. ಮೂಳೆಪುಡಿ ಜೊತೆಗಿರ್ಬೇಕಿತ್ತು. ಚೀಟೀಲಿ ಬರೆದಿತ್ತು. ಬಾಯಲ್ಲಿ ಹೇಳಕ್ಕೆ ಮನಸ್ಸು ಬರ್ಲಿಲ್ಲ, ಆ ಸಾಲು ಬಿಟ್ಬಿಟ್ಟೆ."

ಸುಟ್ಟ ಮೂಳೆ ನಾನು ತಂದುಕೊಟ್ಟೆ. ಕುಟ್ಟಿಯೂ ಕೊಡುತ್ತೇನೆಂದರೆ ಕೇಳಲಿಲ್ಲ. ಗಿರಣಿಯ ಹಿತ್ತಲಲ್ಲಿ ಹಳೆಯ ಒರಳೊಂದನ್ನಿಟ್ಟು, ಮೂಗಿಗೆ ಟವಲು ಕಟ್ಟಿ, ತಾವೇ ಕುಟ್ಟಿ ಬಟ್ಟೆಯಲ್ಲಿ ಸೋಸಿದರು. ಸುಣ್ಣ ಎಷ್ಟು, ಇದು ಎಷ್ಟು ಎಂದು ತಕ್ಕಡಿಯಲ್ಲಿ ತೂಗಿ ನನ್ನ ಕುಕ್ಕೆಯಲ್ಲೇ ಬೆರೆಸಿದರು. ಮಿಷನ್ನಿಗೆ ಒಂದು ಚಿಟಿಕೆಯೂ ಸೋಕಿಸಲಿಲ್ಲ. ಕೈ ತೊಳೆದರು, ಮತ್ತೆ ತೊಳೆದರು. ಎರಡು ವಾರದಲ್ಲಿ, ನಲವತ್ತರಲ್ಲಿ ಉಳಿದ ಇಪ್ಪತ್ತೆಂಟು ಮರಿ ಎದ್ದು ನಿಂತವು. ಅತ್ತೆ ಗೂಡಿನ ಮಾತೆತ್ತಲಿಲ್ಲ.

ಹೀಗೊಂದು ದಿನ ಅವರು ಬೆರೆಸುತ್ತಿದ್ದಾಗ, ಗೋಧಿ ಡಬ್ಬ ಹಿಡಿದು ಬಂದ ಹೆಂಗಸೊಬ್ಬರು ಹಿತ್ತಲಿಗೆ ಇಣುಕಿದರು.

"ಇದೇನ್ರೀ ಇದು, ಮೂಳೆ! ಇದನ್ನ ಬೀಸೋ ಗಿರಣೀಲೇನ್ರೀ ನಮ್ಮ ದೇವರ ನೈವೇದ್ಯದ ಹಿಟ್ಟು?"

"ಮಿಷನ್ನಿಗೆ ಮುಟ್ಟಿಸಿಲ್ಲಮ್ಮ, ಆಣೆಗೂ."

"ನೋಡಿದೋರು ಯಾರು?"

ನೋಡಿದವಳು ನಾನಿದ್ದೆ, ಎರಡು ಮಾರು ದೂರದಲ್ಲಿ. ಗಿರಣಿಯವರು ನನ್ನ ಕಡೆ ಒಮ್ಮೆ ತಿರುಗಿದರು. ಮರಿಗಳು ಹಸಿದು ಕಾಯುತ್ತಿವೆ ಎಂದು ಗೊಣಗಿಕೊಂಡು ಕುಕ್ಕೆ ಎತ್ತಿದೆ... ಆ ದೊಡ್ಡ ಮನೆಯ ಹೆಂಗಸಿನ ಎದುರು ಬಾಯಿ ಏಳಲಿಲ್ಲ.

ಬಾಗಿಲಲ್ಲಿ ಸಾಲುಗಟ್ಟುತ್ತಿದ್ದ ಡಬ್ಬಗಳು ಒಂದೊಂದಾಗಿ ಕಡಿಮೆಯಾದವು. ಕೊನೆಗೆ ಬೆಳಿಗ್ಗೆ ಹೋದರೂ ನನ್ನ ಜೋಳದ್ದೇ ಮೊದಲ ಸರದಿ. ಅವರು ಎಂದಿನಂತೆಯೇ ತೂಗಿ ಬೆರೆಸಿ ಕೊಟ್ಟರು. ಮುಂದಿನ ತಂಡದ ಮರಿ ತಂದಾಗ ಗಿರಣಿಗೆ ಬೀಗ ಬಿದ್ದಿತ್ತು. ಎಲ್ಲಿಗೆ ಹೋದರೆಂದು ಪಕ್ಕದವರಿಗೂ ಗೊತ್ತಿರಲಿಲ್ಲ. ಹಿತ್ತಲಲ್ಲಿ ಒರಳು ಬೋರಲು ಬಿದ್ದಿತ್ತು.

ಮೊನ್ನೆ ಅಂಗಡಿಯವನನ್ನು ಕೇಳಿದೆ, ಇದರಲ್ಲಿ ಮೂಳೆಪುಡಿ ಎಷ್ಟಿದೆಯಪ್ಪ ಎಂದು. ಅವನು ನಕ್ಕ. "ಈಗ ಅದೇ ಬೇಕು ಅಂತೇನಿಲ್ಲ ಅಜ್ಜಿ. ಮೂಳೆ ಗಟ್ಟಿ ಮಾಡೋ ಫಾಸ್ಫರಸ್ಸು ತೌಡಲ್ಲೇ ಇರ್ತದೆ, ಕೋಳಿಗೆ ದಕ್ಕಲ್ಲ ಅಷ್ಟೇ. ಇದಕ್ಕೆ ಬೆರೆಸೋ ಎಂಜೈಮ್ ಅನ್ನೋ ಪುಡಿ ಅದನ್ನ ಬಿಡಿಸಿಕೊಡ್ತದೆ. ಬಾಕಿಗೆ ಮಿನರಲ್ ಪುಡಿ ಇದೆ."

ಅಂಗೈಯಲ್ಲಿ ಆ ಎಂಜೈಮಿನ ಚಿಟಿಕೆ ಪುಡಿ ಹಾಕಿ ತೋರಿಸಿದ. ಇದು ಆಗ ಸಿಕ್ಕಿದ್ದರೆ ಅವರು ಒರಳು ಮುಟ್ಟಬೇಕಿರಲಿಲ್ಲ ಎಂದುಕೊಂಡೆ. ಆದರೆ ನನಗೆ ಗೊತ್ತು... ನಾನು ಒಂದು ಮಾತು ಆಡಿದ್ದರೂ ಸಾಕಿತ್ತು.

ಎರಡು ಕಿಲೋ ಕಟ್ಟಿಸಿಕೊಂಡು ಹೊರಟೆ. ಮಹಡಿಯ ಮೇಲೆ ಮರಿಗಳು ಹಸಿದು ಕಾಯುತ್ತಿದ್ದವು, ಆವತ್ತಿನ ಹಾಗೆಯೇ.